ಆಕ್ಸೈಡುಗಳ ತೆಳುಪೊರೆಗಳಲ್ಲಿ ವಿದ್ಯುತ್ತಿನಿಂದಾಗುವ ಗುಣವಿಕಾರ

ಲೋಹವು ಆಮ್ಲಜನಕದೊಡನೆ ಕೂಡಿ ಆಗುವ ಸಂಯುಕ್ತಕ್ಕೆ ಆಕ್ಸೈಡೆಂದು ಹೆಸರು. ವೈದ್ಯಗ್ರಂಥಗಳಲ್ಲಿ ಹೇಳಿರುವ ಭಸ್ಮಗಳಲ್ಲಿ ಕೆಲವು ಈ ಜಾತಿಯವೇ. ಆದರೂ ಭಸ್ಮವೆಂಬ ಶಬ್ದವು ಉರಿದು ನಿಸ್ಸಾರವಾದುದನ್ನು ಸೂಚಿಸುವುದರಿಂದ ಅದನ್ನು ಇಲ್ಲಿ ಬಳಸುವುದು ಉಚಿತವಲ್ಲ. ಮ್ಯಾಂಗನೀಸು, ವೆನೇಡಿಯಂ, ಕೋಬಾಲ್ಟುಗಳ ಆಕ್ಸೈಡುಗಳಷ್ಟು ಚಂಚಲಸ್ವಭಾವದ ಘನವಸ್ತುಗಳು ವಿರಳ. ತಾಮ್ರವು ವಿದ್ಯುತ್ತನ್ನು ಹರಿಯಗೊಡುವುದು, ಗಾಜು ತಡೆಯುವುದು. ಇವಾದರೋ ಅಲ್ಪ ನಿಮಿತ್ತ ದೊರೆತರೂ ಒಂದು ಪಕ್ಷದಿಂದ ಇನ್ನೊಂದಕ್ಕೆ ಸರಿಯುವುವು. ವೆನೇಡಿಯಂ ಡೈಆಕ್ಸೈಡು ಸುಮಾರು 68 ಡಿಗ್ರಿ ಸೆಲ್ಸಿಯಸ್ ಉಷ್ಣತೆಗಿಂತ ಕೆಳಗೆ ಅವಾಹಕಪ್ರಾಯವಾಗಿಯೂ ಮೇಲೆ ಲೋಹಸದೃಶವಾಗಿಯೂ ಇರುವುದು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಎಫ್. ಜೆ. ಮೊರಿನ್ ಅವರು 1959ರಲ್ಲಿ ಈ ಬಗೆಯ ಪರಿವರ್ತನೆಯನ್ನು ಪ್ರಕಟಪಡಿಸಿದರು.

ಕಾಯಿಸದೆ, ತಣಿಸದೆ, ವಿದ್ಯುತ್ತಿನ ಒತ್ತಡದಿಂದಲೇ ಇಂತಹ ವಿಕಾರವನ್ನು ಉಂಟುಮಾಡುವುದು ಸಾಧ್ಯವೆಂದು ಈಗ ಸಿದ್ಧವಾಗಿದೆ. ಆದರೆ ಆಗ ವಸ್ತುವಿನೊಳಗೆ ನಿಜವಾಗಿ ಚಲಿಸುವುದು ಯಾವುದು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿರಲಿಲ್ಲ.

ಈ ಶಾಸ್ತ್ರದಲ್ಲಿ ಬೆಂಗಳೂರಿಗೆ ಗಣ್ಯವಾದ ಸ್ಥಾನವುಂಟು. ಹನುಮಂತನಗರದ ನೆರೆಯ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಸಿ. ಎನ್. ಆರ್. ರಾಯರು 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, 1976ರಲ್ಲಿ ಅಲ್ಲಿ ಘನಸ್ಥಿತಿ ರಸಾಯನಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿದರು. ರಾಯರೂ ಅವರ ಸಂಗಡಿಗರೂ 1999ರಲ್ಲಿ ಮ್ಯಾಂಗನೀಸಿನ ಆಕ್ಸೈಡುಗಳ ತೆಳುಪೊರೆಗಳನ್ನು ಪರೀಕ್ಷಿಸಿದರು. ಈ ವಸ್ತುಗಳಲ್ಲಿ ಮ್ಯಾಂಗನೀಸಿನ ಅಯಾನುಗಳು ಎರಡು ವಿಧ. ಒಂದರಲ್ಲಿ ಇನ್ನೊಂದಕ್ಕಿಂತ ಒಂದು ಎಲೆಕ್ಟ್ರಾನು ಹೆಚ್ಚು. ತಣ್ಣಗಾದಾಗ ಇವು ಚದುರಂಗದ ಮಣೆಯ ಕರಿಬಿಳಿಯ ಮನೆಗಳಂತೆ ಒಂದುಬಿಟ್ಟೊಂದು ನೆಲೆಗೊಳ್ಳುವುದರಿಂದ ಎಲೆಕ್ಟ್ರಾನು ಕದಲದೆ, ಪೊರೆಯು ಅವಾಹಕವಾಗುವುದು. ವಿದ್ಯುತ್ ಕ್ಷೇತ್ರವನ್ನು ಪ್ರಯೋಗಿಸಿದಾಗ ಈ ವ್ಯೂಹವು ಕರಗಿ ಪೊರೆಯು ವಾಹಕವಾಯಿತು. ಕಾಂತಕ್ಷೇತ್ರಕ್ಕೆ ಬಗ್ಗದ ಯಟ್ರಿಯಂ ಬೆರೆತ ಪೊರೆಯೂ ಇದಕ್ಕೆ ಬಗ್ಗಿತೆಂಬುದು ಗಮನಾರ್ಹ. ಇಂತಹ ಪ್ರಯೋಗಗಳಲ್ಲಿ ಪೊರೆಯ ಮೂಲಕ ಪ್ರವಾಹವೂ ಹರಿಯುವುದರಿಂದ, ಅದರ ಕಾವಿನ ಪರಿಣಾಮವನ್ನೂ ಕ್ಷೇತ್ರದ ಪರಿಣಾಮವನ್ನೂ ಬೇರ್ಪಡಿಸಿ ನೋಡುವುದು ಆವಶ್ಯಕ.

ಮ್ಯಾಂಗನೀಸಿನ ಆಕ್ಸೈಡುಗಳಲ್ಲಿ ವಾಹಕತ್ವಕ್ಕೂ ಕಾಂತತ್ವಕ್ಕೂ ಗಂಟುಬಿದ್ದಿದೆ. ಎಲೆಕ್ಟ್ರಾನು ಪ್ರತಿಯೊಂದೂ ಒಂದು ಸೂಕ್ಷ್ಮ ಅಯಸ್ಕಾಂತ. ಅದು ತನ್ನ ದಿಕ್ಕನ್ನು ಬಿಡದೆ ನೆರೆಯ ಅಯಾನಿಗೆ ನೆಗೆಯಬೇಕಾದರೆ ಆ ಅಯಾನಿನ ಕಾಂತಮುಖವೂ ಅದೇ ದಿಕ್ಕಿಗಿರಬೇಕು. ಆದುದರಿಂದ ಎಲೆಕ್ಟ್ರಾನುಗಳಿಗೆ ಸಂಚಾರ ದೊರೆತೊಡನೆ ಅಯಾನುಗಳೆಲ್ಲ ಒಮ್ಮುಖವಾಗಲೆಳಸುವುವು.

ಒಂದು ಆಕ್ಸೈಡಿನ ಗುಣವನ್ನು ಬದಲಿಸುವ ಮಾರ್ಗಗಳನ್ನು ವೈಯಾಕರಣರ ಪರಿಭಾಷೆಯಿಂದ ಸುಲಭವಾಗಿ ತಿಳಿಯಬಹುದು. ಲ್ಯಾಂಥನಮ್ಮಿನ ಸ್ಥಾನದಲ್ಲಿ ಸ್ಟ್ರಾನ್ಷಿಯಮ್ಮನ್ನು ಇಡುವುದು ಆದೇಶ. ಇದು ವಸ್ತುವನ್ನು ತಯಾರಿಸುವಾಗಲೇ ಆಗತಕ್ಕದ್ದು. ಆಮ್ಲಜನಕವನ್ನು ತೆಗೆಯುವುದು ಲೋಪ; ಜಲಜನಕವನ್ನು ಹೊಗಿಸುವುದು ಆಗಮ. ಅಕ್ಷರವೊಂದೂ ಬದಲಾಗದೆ ಎಲೆಕ್ಟ್ರಾನುಗಳ ಸಂಖ್ಯೆಯಷ್ಟೇ ಹೆಚ್ಚುಕಡಮೆಯಾದರೆ ಅದನ್ನು ಕಾಕುವಿಗೆ ಹೋಲಿಸಬಹುದು. ಸಿಲಿಕಾನಿನ ಟ್ರಾನ್ಸಿಸ್ಟರು ಈ ಕೊನೆಯ ವಿಧದಿಂದ ಕೆಲಸಮಾಡುವುದು.

ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳು ಸಿಲಿಕಾನಿನಲ್ಲಿರುವುದಕ್ಕಿಂತ ಬಹುಪಾಲು ದಟ್ಟವಾಗಿರುವುದರಿಂದ, ಹೊರಗಿನ ಕ್ಷೇತ್ರದ ಪ್ರಭಾವವು ಮೇಲ್ಮೈಯಿಂದ ಒಂದೆರಡು ನ್ಯಾನೊಮೀಟರಿನಷ್ಟು ಆಳಕ್ಕೆ ಮಾತ್ರ ಇಳಿಯುವುದು. ಒಂದು ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತುಲಕ್ಷದ ಒಂದು ಭಾಗ. ಪೊರೆಗಳು ತೆಳುವಾಗಿರಬೇಕಾದುದು ಇದಕ್ಕಾಗಿಯೇ. ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿಯೇ ಇರುವ ಕೆಲವು ಲವಣಗಳನ್ನು ಪೊರೆಯ ಮೇಲೆ ಹನಿಸಿ ಕೆಲವೇ ವೋಲ್ಟುಗಳ ಒತ್ತಡವನ್ನು ಕೊಟ್ಟರೆ, ಅಯಾನುಗಳು ಮೇಲ್ಮೈಗೆ ಒತ್ತಿ ನಿಂತು, ಸೆಂಟಿಮೀಟರಿಗೆ ಕೋಟಿ ವೋಲ್ಟಿನ ಗಣನೆಯ ಕ್ಷೇತ್ರವನ್ನು ಉಂಟುಮಾಡುವುವು. 2012ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯವರು ಈ ಉಪಾಯದಿಂದ ಸುಮಾರು 70 ನ್ಯಾನೊಮೀಟರ್ ದಪ್ಪದ ವೆನೇಡಿಯಂ ಡೈಆಕ್ಸೈಡಿನ ಪೊರೆಯನ್ನು ಇಡಿಯಾಗಿ ವಾಹಕವನ್ನಾಗಿ ಮಾಡಿದರು. ಮೇಲ್ಮೈಯ ವಿದ್ಯುದಂಶವು ಒಳಗಿನ ಎಲೆಕ್ಟ್ರಾನುಗಳನ್ನೆಲ್ಲ ಸಾಮೂಹಿಕವಾಗಿ ಬಿಡುಗಡೆಮಾಡಿತೆಂಬುದು ಅವರ ವ್ಯಾಖ್ಯಾನ.

ಮರುವರ್ಷ ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿ ಸ್ಟೂಅರ್ಟ್ ಪಾರ್ಕಿನ್ನರ ಸಂಗಡಿಗರು ಬೇರೊಂದು ಅರ್ಥವನ್ನು ಪ್ರತಿಪಾದಿಸಿದರು. ಲವಣದ್ರವವನ್ನು ಪೂರ್ತಿಯಾಗಿ ತೆಗೆದಮೇಲೂ ಅವರ ಪೊರೆಯು ವಾಹಕವಾಗಿಯೇ ಉಳಿಯಿತು. ಸುತ್ತಲೂ ಆಮ್ಲಜನಕ ವಾಯುವಿದ್ದಾಗ ಪರಿಣಾಮವು ಕುಗ್ಗಿತು. ಕಾಕುವಿನಿಂದಾದ ಅರ್ಥವಾದರೆ ಓದುಗನು ಎದ್ದುಹೋದೊಡನೆ ಹೋಗಬೇಕು. ಉಳಿದಿದೆಯೆಂದರೆ ಓಲೆಯಲ್ಲಿ ಅಕ್ಷರವೇ ಬಿದ್ದುಹೋಗಿರಬೇಕು. ಕ್ಷೇತ್ರವು ಪೊರೆಯಿಂದ ಆಮ್ಲಜನಕವನ್ನೇ ಸೆಳೆದು ದ್ರವಕ್ಕೆ ಸೇರಿಸುವುದೆಂಬುದು ಅವರ ನಿರ್ಣಯ. ಆ ಪ್ರಯೋಗದಲ್ಲಿ ಭಾಗಿಗಳಾಗಿದ್ದ ನಾಗಫಣಿ ಏತುಕೂರಿಯವರು ಅನಂತರ ಬೆಂಗಳೂರಿಗೆ ಬಂದು, ರಾಯರು ಸ್ಥಾಪಿಸಿದ ವಿಭಾಗದಲ್ಲಿಯೇ ಅಧ್ಯಾಪಕರಾದರು. ಪ್ರತಿರೋಧವು ಬದಲಾಯಿತೆಂದು ಮಾತ್ರ ಅಳೆದು, ಆಮ್ಲಜನಕದ ಲೆಕ್ಕವನ್ನು ನೋಡದೆ ಮಾಡುವ ವ್ಯಾಖ್ಯಾನಗಳನ್ನು ಆಮೇಲೆ ಸಂಶಯದಿಂದಲೇ ನೋಡಬೇಕಾಯಿತು.

ಲೋಪವೆಂದು ತಿಳಿದುಬಂದಮೇಲೆ ಅದನ್ನೇ ಸಾಧನವಾಗಿ ಬಳಸಿದವರೂ ಉಂಟು. 2017ರಲ್ಲಿ ಚೀನದ ಸಂಶೋಧಕರು ಸ್ಟ್ರಾನ್ಷಿಯಂ ಕೋಬಾಲ್ಟ್ ಆಕ್ಸೈಡಿನ ಒಂದೇ ಪೊರೆಗೆ ವಿದ್ಯುತ್ತಿನಿಂದ ಆಮ್ಲಜನಕವನ್ನೊಮ್ಮೆ ಜಲಜನಕವನ್ನೊಮ್ಮೆ ಸೇರಿಸಿ ತೆಗೆದು, ಕಾಂತಗುಣದಲ್ಲಿಯೂ ಬಣ್ಣದಲ್ಲಿಯೂ ಭಿನ್ನವಾದ ಮೂರು ಅವಸ್ಥೆಗಳನ್ನು ತೋರಿಸಿದರು. ಇಂತಹ ಬದಲಾವಣೆಯು ವಿದ್ಯುತ್ತನ್ನು ನಿಲ್ಲಿಸಿದಮೇಲೂ ಉಳಿಯುವುದರಿಂದ ಸ್ಮೃತಿಯಂತ್ರಗಳಿಗೆ ಅನುಕೂಲ. ಆದರೆ ಅಯಾನುಗಳ ನಡಿಗೆ ಎಲೆಕ್ಟ್ರಾನುಗಳ ನಡಿಗೆಗಿಂತ ಬಹು ನಿಧಾನ.

ಬಿಸ್ಮತ್ ಫೆರೈಟಿನ ಮಾರ್ಗವು ಇವೆರಡಕ್ಕೂ ಭಿನ್ನ. ಅದರಲ್ಲಿ ಅಯಾನುಗಳು ತಮ್ಮ ಮನೆಯನ್ನು ಬಿಡದೆ ಒಳಗೇ ಕಿಂಚಿತ್ತು ಸರಿಯುವುವು. ಕ್ಷೇತ್ರದ ದಿಕ್ಕು ತಿರುಗಿದರೆ ಆ ಸರಿತವೂ ತಿರುಗಿ, ಅದರೊಡನೆ ಕಾಂತವ್ಯೂಹವೂ ಹೊರಳುವುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರವನ್ನು ಓದಿದ ಆರ್. ರಮೇಶರು ಸಂಗಡಿಗರೊಡನೆ 2003ರಲ್ಲಿ ಇದರ ತೆಳುಪೊರೆಗಳ ಗುಣವನ್ನು ಪ್ರಕಟಿಸಿದರು. ಅವರೂ ಭಾಗಿಗಳಾದ 2014ರ ಪ್ರಯೋಗದಲ್ಲಿ, ಆ ಪೊರೆಯ ಮೇಲೆ ಕೂರಿಸಿದ ಕೋಬಾಲ್ಟು ಕಬ್ಬಿಣಗಳ ಪದರದ ಕಾಂತಮುಖವು ಸಾಮಾನ್ಯ ಉಷ್ಣತೆಯಲ್ಲಿಯೇ, ವಿದ್ಯುತ್ ಕ್ಷೇತ್ರಮಾತ್ರದಿಂದ ತಿರುಗಿತು.