ಸಿಮ್ಮೂ ಅವರದೇ, ಸೆಟ್ಟೂ ಅವರದೇ

ಮೊಬೈಲ್ ಸೇವೆ ಕೊಡುವ ಕಂಪನಿಯೇ ಹ್ಯಾಂಡ್‌ಸೆಟ್ಟನ್ನೂ ಮಾರಲು ನಿಂತರೆ, ಕೊಳ್ಳುವವರ ಆಯ್ಕೆ ಅದು ಆರಿಸಿಟ್ಟ ನಾಲ್ಕಾರು ಮಾದರಿಗಳಿಗೇ ಮುಗಿಯುತ್ತದೆ. ಅಮೆರಿಕದಲ್ಲಿ ಬಹುಕಾಲ ಇದೇ ರೂಢಿಯಾಗಿತ್ತು. ಕಂಪನಿ ಸೆಟ್ಟುಗಳನ್ನು ಸಗಟಾಗಿ ಕೊಂಡು ಕಡಿಮೆ ಬೆಲೆಗೆ ಕೊಡುತ್ತಿತ್ತು. ಬದಲಿಗೆ ಗ್ರಾಹಕರು ಎರಡು ವರ್ಷ ಬಿಟ್ಟು ಹೋಗುವುದಿಲ್ಲವೆಂದು ಕರಾರು ಬರೆದುಕೊಡಬೇಕಿತ್ತು. ಬೇರೆ ಕಂಪನಿಯ ಸಿಮ್ ಹಾಕಿದರೆ ಕೆಲಸ ಮಾಡದಂತೆ ಸೆಟ್ಟಿಗೆ ಲಾಕ್ ಬೀಳುತ್ತಿತ್ತು. 2007ರಲ್ಲಿ ಬಂದ ಐಫೋನ್ 2011ರ ಆರಂಭದವರೆಗೂ ಅಲ್ಲಿ ಎಟಿ ಆ್ಯಂಡ್ ಟಿ ಎಂಬ ಒಂದೇ ಕಂಪನಿಯ ಗ್ರಾಹಕರಿಗೆ ಸಿಗುತ್ತಿತ್ತು.

ಭಾರತದಲ್ಲಿ ಈ ಪದ್ಧತಿ ಬೇರೂರಲಿಲ್ಲ. ಇಲ್ಲಿ ಬಹುಪಾಲು ಜನ ಮೊದಲೇ ಕರೆನ್ಸಿ ಹಾಕಿಸಿಕೊಂಡು ಮಾತಾಡುವವರು. ಕರಾರಿನ ಗೋಜೇ ಇಲ್ಲ. ಯಾವಾಗ ಬೇಕಾದರೂ ಸಿಮ್ ಬದಲಿಸುವ ಗ್ರಾಹಕರಿಗೆ ಸೆಟ್ಟಿನ ಬೆಲೆ ಇಳಿಸಿ ಕೊಟ್ಟರೆ ಕಂಪನಿಗೆ ಹಣ ಮರಳುವ ಖಾತ್ರಿಯಿಲ್ಲ. ಹೀಗಾಗಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಂಥ ಹೆದ್ದಾರಿ ಬದಿಯ ಪೇಟೆಯಲ್ಲೂ ಸೆಟ್ಟೇ ಬೇರೆ ವ್ಯಾಪಾರ, ಸಿಮ್ಮೇ ಬೇರೆ ವ್ಯಾಪಾರ. ಅಂಗಡಿಯಲ್ಲಿ ಹತ್ತು ಕಂಪನಿಯ ಫೋನ್ ನೋಡಿ ಒಂದನ್ನು ಕೊಂಡು, ಊರಲ್ಲಿ ಯಾವ ಟವರ್ ಚೆನ್ನಾಗಿ ಸಿಗುತ್ತದೋ ಆ ಸಿಮ್ ಹಾಕಿಕೊಳ್ಳಬಹುದು. ಈ ಸ್ವಾತಂತ್ರ್ಯದ ಬೆಲೆ ಗೊತ್ತಾದದ್ದು ಅದು ಇಲ್ಲದ ಎರಡು ಸಂದರ್ಭಗಳಲ್ಲಿ.

ಮೊದಲನೆಯದು ಸಿಡಿಎಂಎ ಎಂಬ ಮೊಬೈಲ್ ತಂತ್ರಜ್ಞಾನದ ಕಾಲ. 2002ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಇನ್ಫೋಕಾಂ ಈ ತಂತ್ರಜ್ಞಾನದ ಸೇವೆಯೊಂದಿಗೆ ಮಾರುಕಟ್ಟೆಗೆ ಬಂತು. ಟಾಟಾ ಇಂಡಿಕಾಂ ಕೂಡ ಇದೇ ದಾರಿಯಲ್ಲಿತ್ತು. 2003ರ ಮಳೆಗಾಲದಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಸೆಟ್ಟನ್ನೂ ಸಂಪರ್ಕವನ್ನೂ ಒಟ್ಟಿಗೆ ಕೊಟ್ಟಿತು, ಉಳಿದ ಹಣಕ್ಕೆ ತಿಂಗಳ ಕಂತು. ಅದುವರೆಗೆ ಮೊಬೈಲ್ ಎಂದರೆ ಉಳ್ಳವರ ವಸ್ತು ಎಂದುಕೊಂಡಿದ್ದವರ ಕೈಗೆ ಅದು ಬಂದದ್ದು ಹೀಗೆ. ಈ ಉಪಕಾರ ಸಣ್ಣದಲ್ಲ. ಆದರೆ ಅಂಥ ಬಹುತೇಕ ಸೆಟ್ಟುಗಳಲ್ಲಿ ತೆಗೆದು ಹಾಕಬಹುದಾದ ಸಿಮ್ ಇರಲಿಲ್ಲ; ನಂಬರನ್ನು ಸೆಟ್ಟಿನೊಳಗೇ ದಾಖಲಿಸುತ್ತಿದ್ದರು. ಸೆಟ್ ಕೆಟ್ಟರೆ ನೆರೆಯವರ ಹಳೇ ಫೋನಿಗೆ ಸಿಮ್ ಹಾಕಿ ಮಾತಾಡುವಂತಿಲ್ಲ, ಕಂಪನಿಯ ಅಂಗಡಿಗೇ ಹೋಗಬೇಕು. ಸಿಮ್ ಬದಲಿಸಬಹುದಾದ ಜಿಎಸ್‌ಎಂ ಸೆಟ್ ಬಳಸುವವರಿಗೆ ನೋಕಿಯಾದ ಸಾಲು ಸಾಲು ಮಾದರಿಗಳಿದ್ದಾಗ, ಇವರಿಗೆ ಕಂಪನಿ ತರಿಸಿದ ಎಲ್‌ಜಿ, ಸ್ಯಾಮ್‌ಸಂಗ್‌ನ ಕೆಲವೇ ಮಾದರಿಗಳು.

2011ರ ಜನವರಿ 20ರಿಂದ ದೇಶದಾದ್ಯಂತ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ಬಂತು. ಆಗ ಈ ಕಟ್ಟು ಇನ್ನಷ್ಟು ಸ್ಪಷ್ಟವಾಗಿ ಕಂಡಿತು: ಸಿಡಿಎಂಎ ಗ್ರಾಹಕರು ಏರ್‌ಟೆಲ್‌ಗೋ ಬಿಎಸ್‌ಎನ್‌ಎಲ್‌ಗೋ ನಂಬರ್ ಪೋರ್ಟ್ ಮಾಡಿಸಬಹುದಿತ್ತು, ಸೆಟ್ಟನ್ನು ಮಾತ್ರ ಅಲ್ಲೇ ಬಿಟ್ಟು ಹೊಸದು ಕೊಳ್ಳಬೇಕಿತ್ತು. ಕಾನೂನು ಕೊಟ್ಟ ಅನುಕೂಲವನ್ನು ಸೆಟ್ಟಿನ ಖರ್ಚು ಕಿತ್ತುಕೊಂಡಿತು. ರಿಲಯನ್ಸ್ 2016ರಲ್ಲಿ ಸಿಡಿಎಂಎ ಜಾಲವನ್ನೇ ಮುಚ್ಚಿದಾಗ ಕೆಡದೆ ಉಳಿದಿದ್ದ ಸೆಟ್ಟುಗಳೂ ನಿರುಪಯುಕ್ತವಾದವು.

ಎರಡನೆಯ ಸಂದರ್ಭಕ್ಕೆ ಹೋಗುವ ಮೊದಲು ಒಂದು ಮಾತು: ಲಾಕ್ ಹಾಕಿದ ಫೋನ್ ಅಗ್ಗವಾಗಿಯೇ ಇರಬೇಕೆಂದೇನೂ ಇಲ್ಲ. 2008ರ ಆಗಸ್ಟ್‌ನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಭಾರತಕ್ಕೆ ಬಂದ ಐಫೋನ್ 3ಜಿಯ ಬೆಲೆ 31,000 ರೂಪಾಯಿಯಿಂದ ಶುರುವಾಗುತ್ತಿತ್ತು. ಪೂರ್ತಿ ದುಡ್ಡು ಕೊಟ್ಟ ಮೇಲೂ ಅದು ಮಾರಿದ ಕಂಪನಿಗೇ ಕಟ್ಟುಬಿದ್ದಿತ್ತು.

ಎರಡನೆಯ ಸಂದರ್ಭ ಜಿಯೋದು. 2016ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಸೇವೆಗೆ 4ಜಿ ಬಿಟ್ಟರೆ ಬೇರೆ ಜಾಲವಿರಲಿಲ್ಲ. ಕರೆಯೂ 4ಜಿ ಮೇಲೆಯೇ ಹೋಗಬೇಕು. ಈ ವಿಧಾನದ ಹೆಸರು ವೋಲ್ಟಿ. ಹಳ್ಳಿಗಳಲ್ಲಿ ಹೆಚ್ಚಾಗಿದ್ದ 2ಜಿಯ ಬಟನ್ ಫೋನುಗಳಲ್ಲಿ ಜಿಯೋ ಸಿಮ್ ನಡೆಯಲಿಲ್ಲ. ಆ ಕೊರತೆ ತುಂಬಲು 2017ರಲ್ಲಿ ಕಂಪನಿ ಜಿಯೋಫೋನ್ ತಂದಿತು. 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ವಾಪಸ್. ಆದರೆ ವರ್ಷಕ್ಕೆ ಕನಿಷ್ಠ 1,500 ರೂಪಾಯಿಯ ರೀಚಾರ್ಜ್ ಮಾಡಿಸಿರಬೇಕೆಂಬ ಷರತ್ತಿತ್ತು. ಒಂದೇ ಸಿಮ್, ಅದೂ ಜಿಯೋದೇ. ಎರಡು ಸಿಮ್ ಇಟ್ಟುಕೊಂಡು ಮನೆಯಲ್ಲಿ ಒಂದು, ಹೊಲದಲ್ಲಿ ಇನ್ನೊಂದು ಬಳಸುವ ಗ್ರಾಮೀಣ ಉಪಾಯ ಇದರಲ್ಲಿ ನಡೆಯುವಂತಿರಲಿಲ್ಲ.

ಇಂಥ ಫೋನಿನಲ್ಲಿ ಯಾವ ಆ್ಯಪ್ ಇರಬೇಕೆಂಬುದನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ಜಿಯೋಫೋನ್ ನಡೆಯುವುದು ಕೈಓಎಸ್ ಎಂಬ ತಂತ್ರಾಂಶದ ಮೇಲೆ. ಅದಕ್ಕೆ ವಾಟ್ಸ್‌ಆ್ಯಪ್ ಬಂದದ್ದು ವರ್ಷ ಕಳೆದು 2018ರ ಸೆಪ್ಟೆಂಬರ್‌ನಲ್ಲಿ. 2024ರ ಜೂನ್ ನಂತರ ಅದನ್ನು ಹೊಸದಾಗಿ ಹಾಕಿಕೊಳ್ಳಲು ಆಗಲಿಲ್ಲ. ಭಾಷೆಯ ಮಾತೂ ಹೀಗೆಯೇ. ಜಿಯೋಫೋನ್ ಕನ್ನಡವೂ ಸೇರಿ 22 ಭಾರತೀಯ ಭಾಷೆಗಳೊಂದಿಗೆ ಬಂದದ್ದು ಒಳ್ಳೆಯ ಕೆಲಸ. ಆದರೂ ಅಂಕಿಯ ಗುಂಡಿಗಳಲ್ಲಿ ಒತ್ತಕ್ಷರ, ಕಾಗುಣಿತ ಮೂಡಿಸುವುದು ಕಷ್ಟ. ಟಚ್ ಫೋನ್ ಉಳ್ಳವರು ಒಂದು ಕನ್ನಡ ಕೀಬೋರ್ಡ್ ಹಿಡಿಸದಿದ್ದರೆ ಮತ್ತೊಂದನ್ನು ಹಾಕಿಕೊಳ್ಳುತ್ತಾರೆ. ಬಟನ್ ಸೆಟ್ಟಿನವರು ಕೊಟ್ಟದ್ದರಲ್ಲೇ ಬರೆಯಬೇಕು. ಆಧಾರ್‌ನ ಓಟಿಪಿ, ಬ್ಯಾಂಕಿಗೆ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಹಣ ಬಂದ ಸಂದೇಶ ಎಲ್ಲವೂ ಇದೇ ಸಣ್ಣ ಪರದೆಗೆ ಬರುವ ಮನೆಗಳಲ್ಲಿ, ಯಾವ ಸೆಟ್ ಸಿಕ್ಕಿತು ಎಂಬುದು ಸೌಕರ್ಯದ ಪ್ರಶ್ನೆಯಷ್ಟೇ ಅಲ್ಲ. ಲಾಕಿನ ಮಾತಿಗೆ ಮರಳಿದರೆ, 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಕೂಡ ಜಿಯೋ ಸಿಮ್ಮಿಗೇ ಕಟ್ಟುಬಿದ್ದ ಸೆಟ್ಟು. ಅಗ್ಗದ ಸೆಟ್ ಕೊಡುವುದು ತಪ್ಪಲ್ಲ, ಆದರೆ ಕೊಡಬೇಕಾದ ಹಣ ತೀರಿದ ಮೇಲೂ ಲಾಕ್ ಉಳಿಯುವುದು ನ್ಯಾಯವಲ್ಲ. ಕೆನಡಾ 2017ರಿಂದ, ಬ್ರಿಟನ್ ಮತ್ತು ಜಪಾನ್ 2021ರಿಂದ ಲಾಕ್ ಮಾಡಿದ ಫೋನ್ ಮಾರುವುದನ್ನು ನಿಷೇಧಿಸಿವೆ.

ಲಾಕ್ ಇಲ್ಲದ ಫೋನಿಗೂ ಜಾಲದ ಮಿತಿ ತಪ್ಪಿದ್ದಲ್ಲ. ಪ್ರತಿ ಕಂಪನಿಯೂ ತನಗೆ ಸಿಕ್ಕ ತರಂಗಾಂತರದಲ್ಲಿ, ಅಂದರೆ ಬ್ಯಾಂಡ್‌ನಲ್ಲಿ, ಸೇವೆ ನಡೆಸುತ್ತದೆ. ಸೆಟ್ಟಿನಲ್ಲಿ ಆ ಬ್ಯಾಂಡ್ ಇಲ್ಲದಿದ್ದರೆ ಟವರ್ ಪಕ್ಕದಲ್ಲೇ ಇದ್ದರೂ ಸಿಗ್ನಲ್ ಬಾರದು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಬಹಳ ಜನ ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಮಾಡಿಸಿದರು. ಅದರ 4ಜಿ ನಡೆಯುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. ದೂರಕ್ಕೂ ಗೋಡೆಯೊಳಕ್ಕೂ ಚೆನ್ನಾಗಿ ತಲುಪುವ 700 ಕಡಿಮೆ ಬೆಲೆಯ ಹಲವು ಹಳೇ ಸೆಟ್ಟುಗಳಲ್ಲಿಲ್ಲ. 2022ರ ಅಕ್ಟೋಬರ್‌ನಲ್ಲಿ 5ಜಿ ಬಂದಾಗಲೂ, 5ಜಿ ಎಂದು ಮಾರಿದ್ದ ಎಷ್ಟೋ ಫೋನುಗಳು ತಯಾರಕರು ತಂತ್ರಾಂಶ ಕಳಿಸುವವರೆಗೆ 4ಜಿಯಲ್ಲೇ ಇದ್ದವು.

ಸೆಟ್ ಕೊಳ್ಳುವಾಗ ಡಬ್ಬದ ಮೇಲಿನ ಅಥವಾ ತಯಾರಕರ ವಿವರಪಟ್ಟಿಯಲ್ಲಿ ಮೂರು ಸಂಗತಿ ನೋಡಬೇಕು: ಬೇಕಾದ ಕಂಪನಿಯ ಬ್ಯಾಂಡ್ ಇದೆಯೇ, ಆ ಸಿಮ್‌ನಲ್ಲಿ ವೋಲ್ಟಿ ಕರೆ ಹೋಗುತ್ತದೆಯೇ, ಬೇರೆ ಕಂಪನಿಯ ಸಿಮ್ ಹಿಡಿಯುತ್ತದೆಯೇ. ಸಾಧ್ಯವಾದರೆ ಊರಲ್ಲಿ ಬಳಸುವ ಸಿಮ್ಮನ್ನೇ ಅಂಗಡಿಗೆ ಒಯ್ದು, ಹಣ ಕೊಡುವ ಮೊದಲು ಸೆಟ್ಟಿಗೆ ಹಾಕಿ ಒಂದು ಕರೆ ಮಾಡಿ ನೋಡುವುದು ಒಳ್ಳೆಯದು.