ತಾಳಕ್ಕೆ ಬೀಳುವ ಏಟು

ಹೊಡೆದಾಟದ ಗೇಮ್ ಅಂದರೆ ಸಿಕ್ಕ ಬಟನ್‌ಗಳನ್ನೆಲ್ಲ ಕುಟ್ಟುವುದು ಎಂದುಕೊಂಡವರು ‘ಹೈ-ಫೈ ರಷ್’ ಆಡಿ ನೋಡಬೇಕು. ನಾಯಕನ ಹೆಸರು ಚಾಯ್. ಹೌದು, ಕೇಳಿದರೆ ಚಹಾ ನೆನಪಾಗುತ್ತದೆ! ಅವನ ಎದೆಯೊಳಗೆ ಮ್ಯೂಸಿಕ್ ಪ್ಲೇಯರ್ ಸೇರಿಕೊಂಡ ಮೇಲೆ ಇಡೀ ಜಗತ್ತು ತಾಳಕ್ಕೆ ಕುಣಿಯುತ್ತದೆ. ಯಂತ್ರಗಳ ಓಡಾಟ, ರೋಬೊಗಳ ಏಟು ಎಲ್ಲವೂ ಬೀಟ್‌ಗೆ ಸರಿಯಾಗಿ.

ನನಗೆ ಹಿಡಿಸಿದ್ದು ಇದರೊಳಗಿನ ಎಂಜಿನಿಯರಿಂಗ್. ನಿಮಿಷಕ್ಕೆ 120 ಬೀಟ್ ಅಂದರೆ ಒಂದೊಂದಕ್ಕೆ ಅರ್ಧ ಸೆಕೆಂಡ್. ನಾವು ತುಸು ಮುಂಚೆ ಬಟನ್ ಒತ್ತಿದರೂ ಚಾಯ್‌ನ ಏಟು ಬೀಟ್‌ಗೇ ಬೀಳುವಂತೆ ಆ್ಯನಿಮೇಷನ್ ಹೊಂದಿಸಿದ್ದಾರೆ. ತಾಳ ಹಿಡಿದವನಿಗೆ ಹೆಚ್ಚು ಬಲ, ಹೆಚ್ಚು ಅಂಕ. ತಪ್ಪಿದವನಿಗೆ ಬೋನಸ್ ಇಲ್ಲ, ಅಷ್ಟೇ. ನಮ್ಮ ಸಾರವಾಡದ ಕಡೆಯ ಮೊಹರಂ ಹೆಜ್ಜೆ ಕುಣಿತದಲ್ಲಿ ಈ ರಿಯಾಯಿತಿ ಎಲ್ಲಿದೆ? ಹಲಗೆ ಯಾರಿಗೂ ಕಾಯುವುದಿಲ್ಲ. ಒಬ್ಬನ ಕಾಲು ತಪ್ಪಿದರೆ ಸಾಲೇ ಎಡವುತ್ತದೆ.

ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್‌ನ ಈ ಆಟ 2023ರ ಜನವರಿ 25ರಂದು, ಘೋಷಣೆಯಾದ ದಿನವೇ ಬಿಡುಗಡೆಯಾಯಿತು. 30 ಲಕ್ಷ ಮಂದಿ ಆಡಿದರು. ಧ್ವನಿ ವಿನ್ಯಾಸಕ್ಕೆ ಗೇಮ್ ಅವಾರ್ಡ್ಸ್, ಆ್ಯನಿಮೇಷನ್‌ಗೆ ಬಾಫ್ಟಾ ಬಂತು. ಆದರೂ 2024ರ ಮೇ ತಿಂಗಳಲ್ಲಿ ಮೈಕ್ರೊಸಾಫ್ಟ್ ಆ ಸ್ಟುಡಿಯೊ ಮುಚ್ಚುವುದಾಗಿ ಹೇಳಿತು. ಪ್ಲೇಸ್‌ಮೆಂಟ್‌ಗೆ ಓದುತ್ತಿರುವ ನಮ್ಮಂಥವರಿಗೆ ಇದು ಬರೀ ಗೇಮ್ ಸುದ್ದಿಯಲ್ಲ. ಗೆದ್ದ ತಂಡಕ್ಕೇ ಬಾಗಿಲು ಹಾಕಿದರೆ ಯಾವ ಕೆಲಸ ಗಟ್ಟಿ?

ಪುಣ್ಯಕ್ಕೆ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟಾನ್ ಮುಂದೆ ಬಂದು ತಂಡವನ್ನೂ ಹೈ-ಫೈ ರಷ್‌ನ ಹಕ್ಕನ್ನೂ ತೆಗೆದುಕೊಂಡಿತು. ನಮ್ಮ ಹುಡುಗರು ರಾತ್ರಿಯಿಡೀ ಫೋನ್ ಬಿಸಿಮಾಡಿಕೊಂಡು ಆಡುವ ಬಿಜಿಎಂಐ ಕೂಡ ಇದೇ ಕಂಪನಿಯದು.