ಅಗ್ಗದ ಅರಿವೆ, ಪನ್ನಾದ ಲೆಕ್ಕ

ಮದುವೆಯ ದಿನಗಳು ಬಂದರೆ ಕಮಲಾಪುರದವರು ಅರಿವೆ ಕೊಳ್ಳಲು ಕಲಬುರಗಿಯ ಬಸ್ಸು ಹತ್ತುತ್ತಾರೆ. ಒಂದು ಕಾಲಕ್ಕೆ ಕಲಬುರಗಿಯಲ್ಲೇ ಬಟ್ಟೆ ತಯಾರಾಗುತ್ತಿತ್ತು. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಹೆಸರಿನ ಮೆಹಬೂಬ್ ಶಾಹಿ ಕಲಬುರಗಿ ಗಿರಣಿ ಜನರ ಬಾಯಲ್ಲಿ ಎಂ.ಎಸ್.ಕೆ. ಮಿಲ್ ಆಯಿತು. ಗಿರಣಿ ಮುಚ್ಚಿದೆ, ಬಡಾವಣೆಗೆ ಹೆಸರು ಉಳಿದಿದೆ.

ಈಗ ಕಟ್‌ಪೀಸ್ ಅಂಗಡಿಗೆ ಹೋದವರು ಮೀಟರಿನ ದರವನ್ನಷ್ಟೇ ಕೇಳುತ್ತಾರೆ. ಮೊದಲು ಕೇಳಬೇಕಾದುದು ಪನ್ನಾ, ಅಂದರೆ ಬಟ್ಟೆಯ ಅಗಲ. ತುಂಬುತೋಳಿನ ಅಂಗಿಗೆ 36 ಇಂಚು ಪನ್ನಾದ ಬಟ್ಟೆ ಸುಮಾರು ಎರಡೂವರೆ ಮೀಟರ್ ಬೇಕು. 58 ಇಂಚಿನದಾದರೆ ಸುಮಾರು 1.6 ಮೀಟರ್ ಸಾಕು. ಸಣ್ಣ ಪನ್ನಾದ್ದು ಮೀಟರಿಗೆ 100 ರೂಪಾಯಿ ಎಂದುಕೊಳ್ಳಿ, ಅಂಗಿಗೆ 250 ಬೀಳುತ್ತದೆ. ದೊಡ್ಡ ಪನ್ನಾದ್ದು 140 ರೂಪಾಯಿ ಇದ್ದರೂ ಬೀಳುವುದು 224 ಮಾತ್ರ.

ಹತ್ತಿಯ ಬಟ್ಟೆಯಾದರೆ ದರ್ಜಿಗೆ ಕೊಡುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸಬೇಕು. ನೇಯುವಾಗ ಬಿಗಿಯಾಗಿ ಎಳೆದ ನೂಲು ನೀರು ತಾಗಿದಾಗ ಸಡಿಲಗೊಂಡು ಬಟ್ಟೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಉಳಿಸಿದ ಹಣವೂ ಹೋಯಿತು, ಅಂಗಿಯೂ ಹೋಯಿತು.

ರಿಯಾಯಿತಿಯ ಸಿದ್ಧ ಉಡುಪಿನಲ್ಲಿ ಮೊದಲು ಭುಜ ನೋಡಿ. ಹೊಲಿಗೆ ಭುಜದ ತುದಿಗೇ ನಿಲ್ಲಬೇಕು. ಸೊಂಟವನ್ನೂ ಉದ್ದವನ್ನೂ ದರ್ಜಿ ಸುಲಭವಾಗಿ ತಿದ್ದುತ್ತಾನೆ, ಭುಜ ತಿದ್ದುವುದು ಕಷ್ಟ.